ಚಂದ್ರನ ಕೋಣೆ ಕಟ್ಟಿದ ನಮ್ಮಣ್ಣ

ನಮ್ಮಣ್ಣ ಗಾರೆ ಕೆಲಸದವನು. ಗಾರೆ ಎಂದರೆ ಇಟ್ಟಿಗೆಯ ಮೇಲೆ ಮೆತ್ತಿ ಕೈ ತೊಳೆದುಕೊಂಡು ಹೋಗುವುದಲ್ಲ. ಸಿನಿಮಾ ಮಂದಿರದ ಛಾವಣಿಗೆ, ಸಭಾಂಗಣದ ಕಂಬದ ತಲೆಗೆ ಹೂವು, ಬಳ್ಳಿ, ಸಿಂಹದ ಮುಖ ಗಾರೆಯಲ್ಲೇ ಉಬ್ಬಿಸಿ ಎತ್ತುವ ಕೆಲಸ. ಅವನು ಎತ್ತಿದ ಸಿಂಹಗಳೆಲ್ಲ ಸ್ವಲ್ಪ ನಮ್ಮಪ್ಪನ ಹಾಗೇ ಕಾಣುತ್ತಿದ್ದವು, ಅದು ಬೇರೆ ಮಾತು. ವರ್ಷಗಟ್ಟಲೆ ಮೇಲೆ ನೋಡಿಕೊಂಡೇ ಕೆಲಸ ಮಾಡಿ ಅವನ ಕತ್ತು ಹಾಗೇ ನಿಂತುಬಿಟ್ಟಿದೆ. ಹೊಸಬರಿಗೆ ಬಲು ಗರ್ವದ ಮನುಷ್ಯ ಅನ್ನಿಸುತ್ತದೆ. ಗರ್ವ ಎಳ್ಳಷ್ಟೂ ಇಲ್ಲ. ಇದ್ದಿದ್ದರೆ ಈ ವಯಸ್ಸಿನಲ್ಲಿ ಇಷ್ಟು ನೋಯುತ್ತಿರಲಿಲ್ಲ.

ಈಗ ನಮ್ಮ ಬೀದಿಯವರು ಅವನಿಗೆ ‘ಸುಳ್ಳು ಚಂದ್ರ’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಹೇಗೆ ಬಂತು ಎಂದು ಹೇಳಲು ನನಗಿಂತ ಹಕ್ಕಿರುವವರು ಯಾರೂ ಇಲ್ಲ. ನಾನು ಅವನ ತಂಗಿ, ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನು ಹೊತ್ತುಕೊಂಡು ಅಣ್ಣನ ಮನೆಗೇ ಬಂದೆ. ಅತ್ತಿಗೆ ಇರುವವರೆಗೂ ಇಬ್ಬರೂ ಸೇರಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಈಗ ಆ ಕೆಲಸವೂ ನನ್ನೊಬ್ಬಳ ಪಾಲಿಗೇ ಬಿದ್ದಿದೆ.

ಕತೆ ಶುರುವಾಗುವುದು ಪಕ್ಕದ ರೇಡಿಯೊ ರಿಪೇರಿ ಅಂಗಡಿಯಿಂದ. ಅಂಗಡಿಯವನು ಅಣ್ಣನ ಓರಗೆಯವನು, ಕರೆಂಟಿನ ಕೆಲಸವನ್ನೂ ಮಾಡುತ್ತಿದ್ದ. ಅದಕ್ಕೇ ಬೀದಿಗೆಲ್ಲ ಅವನು ‘ಕರೆಂಟು’. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಸಾವಿರದ ಒಂಬೈನೂರ ಅರವತ್ತೆಂಟರ ಕೊನೆಯಲ್ಲಿ ಮೂರು ಜನ ಮೊಟ್ಟಮೊದಲಿಗೆ ಚಂದ್ರನವರೆಗೆ ಹೋಗಿ, ಇಳಿಯದೆ ಅದನ್ನು ಸುತ್ತಿಕೊಂಡು ಬಂದರಲ್ಲ, ಆ ಸುದ್ದಿ ಕೇಳಿದ ದಿನ ಅಣ್ಣ ಊಟಕ್ಕೆ ಕೂತವನು ತಟ್ಟೆ ನೋಡಿಕೊಂಡೇ ಕೂತಿದ್ದ. “ಏನೋ, ಯಾರಾದ್ರೂ ಹುಡುಗಿ ನೋಡಿದ್ಯಾ?” ಎಂದು ನಮ್ಮಮ್ಮ ಕೇಳಿದಳು. “ಅಮ್ಮಾ, ಅಲ್ಲಿಂದ ನಮ್ಮ ಭೂಮಿ ಹುಟ್ಟೋದು ಕಾಣತ್ತಂತೆ, ನಮಗೆ ಸೂರ್ಯ ಹುಟ್ಟೋ ಹಾಗೆ,” ಎಂದ. ಅಮ್ಮ ಅವನ ಹಣೆ ಮುಟ್ಟಿ ಜ್ವರ ನೋಡಿದಳು.

ಮುಂದಿನ ವರ್ಷ ಜುಲೈನಲ್ಲಿ ಇಬ್ಬರು ಇಳಿದೇಬಿಟ್ಟರು. ಮೂರನೆಯವನು ಮೇಲೆ ಒಬ್ಬನೇ ಸುತ್ತುತ್ತ, ಅವರು ಹತ್ತಿ ಬರಲೆಂದು ಕಾಯುತ್ತಿದ್ದ. ಚಂದ್ರನ ಹಿಂದೆ ಹೋದಾಗಲೆಲ್ಲ ಅವನಿಗೆ ಯಾರ ದನಿಯೂ ಕೇಳುತ್ತಿರಲಿಲ್ಲವಂತೆ. ಇಡೀ ಬೀದಿ ಕರೆಂಟಿನ ಅಂಗಡಿಯ ಮುಂದೆ ನೆರೆದಿತ್ತು. ಸ್ಟೂಲಿನ ಮೇಲೆ ರೇಡಿಯೊ. ಏರಿಯಲ್ ತಂತಿಯನ್ನು ಬಿಟ್ಟರೆ ಗರಗರ, ಕೈಯಲ್ಲಿ ಎತ್ತಿ ಹಿಡಿದರೆ ಮಾತು ಸ್ಪಷ್ಟ. ಹಾಗಾಗಿ ಕರೆಂಟು ತಂತಿ ಹಿಡಿದು ಕೈಯೆತ್ತಿ ನಿಂತ. ಬೇರೆಯವರು ಹಿಡಿಯುತ್ತೇವೆ ಎಂದರೂ ಕೊಡಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಇವತ್ತು ಹೊಟ್ಟೆ ಉರಿಯುವುದು ಅದಕ್ಕೇ. ಏನೂ ತಿಳಿಯದವನು ಬಾಯಿಗೆ ಬಂದಂತೆ ಮಾತಾಡಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ಇವನಿಗೆ ಎಲ್ಲ ತಿಳಿದಿತ್ತು.

ಅದಾದ ಮೇಲೆ ಅದೇ ಸಾಲಿನ ಹದಿಮೂರನೆಯ ನೌಕೆ, ಅಪೊಲೊ ಹದಿಮೂರು. ಅರ್ಧ ದಾರಿ ದಾಟಿದ ಮೇಲೆ ಆಮ್ಲಜನಕದ ತೊಟ್ಟಿ ಸಿಡಿಯಿತು. ಇಳಿಯುವುದು ಹಾಗಿರಲಿ, ಬದುಕಿ ಬಂದರೆ ಸಾಕು ಅನ್ನುವ ಹಾಗಾಯಿತು. ಅಣ್ಣ ಆಗ ಸಿನಿಮಾ ಮಂದಿರವೊಂದರ ಛಾವಣಿ ರಿಪೇರಿಯಲ್ಲಿದ್ದ. ಕೆಳಗೆ ಯಾರು ಬಂದರೂ ಅಟ್ಟಣಿಗೆಯ ಮೇಲಿಂದ “ಏನಾಯ್ತಂತೆ?” ಎಂದು ಕೂಗುತ್ತಿದ್ದ. ಮಂದಿರದ ಮಾಲೀಕ ತನ್ನ ಹೆಂಡತಿಯ ಹೆರಿಗೆ ವಿಚಾರಿಸುತ್ತಿದ್ದಾನೆ ಎಂದುಕೊಂಡು “ಗಂಡು ಮಗು,” ಎಂದನಂತೆ. ಇಳಿಯಲೆಂದು ಇದ್ದ ಪುಟ್ಟ ನೌಕೆಯಲ್ಲಿ ಮುದುಡಿ ಕೂತು, ಚಂದ್ರನನ್ನು ಒಂದು ಸುತ್ತು ಹಾಕಿ ಆ ಮೂವರೂ ವಾಪಸು ಬಂದು ಸಮುದ್ರಕ್ಕೆ ಬಿದ್ದ ದಿನ ಕರೆಂಟು ಅಂಗಡಿಗೆ ಬಾಗಿಲೂ ಹಾಕದೆ ಓಡಿಬಂದ. ಇಬ್ಬರೂ ಬೀದಿಯ ಮಧ್ಯೆ ತಬ್ಬಿಕೊಂಡು ನಿಂತರು. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು.

ಇನ್ನೂ ನಾಲ್ಕು ಸಲ ಹೋದರು. ಕೊನೆಕೊನೆಗೆ ಅಲ್ಲಿ ಗಾಡಿಯನ್ನೇ ಓಡಿಸಿದರು. ಎಪ್ಪತ್ತೆರಡರ ಡಿಸೆಂಬರಿನಲ್ಲಿ ಕಡೆಯವರು ಹತ್ತಿ ಬಂದ ಮೇಲೆ ಆ ನೆಲವನ್ನು ಮತ್ತೆ ಯಾರೂ ತುಳಿಯಲಿಲ್ಲ. ಜನಕ್ಕೆ ಬೇಜಾರು ಬಂದಿತ್ತಂತೆ. ಚಂದ್ರನ ಮೇಲೆ ನಡೆಯುವುದೂ ಬೇಜಾರಾಗುವ ಸಂಗತಿಯೇ! ಅಣ್ಣ ಮಾತ್ರ ಮನೆಯಲ್ಲಿ ಯಾರಿಗೋ ಮೋಸವಾದ ಹಾಗೆ ಓಡಾಡುತ್ತಿದ್ದ.

ಅದಾಗಿ ಕೆಲವು ವರ್ಷಕ್ಕೆ ನಮ್ಮೂರಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಒಂದು ಕೋಣೆಯಲ್ಲಿ ಚಂದ್ರನ ನೆಲದ ಮಾದರಿ ಬೇಕು ಎಂದರು. ಅಣ್ಣನಿಗೆ ಹೇಳಿ ಕಳಿಸಿದರು. ಅವನು ಸಿಂಹದ ಕೆತ್ತುಳಿಗಳನ್ನೆಲ್ಲ ಡಬ್ಬಿಗೆ ಹಾಕಿ ಮೂಲೆಗಿಟ್ಟು, ಕಲ್ಲು ಆಯಲು ಹೋದ. “ಗುಂಡಿ ಕೆತ್ತೋಕೆ ಕಲ್ಲು ಯಾಕೋ?” ಎಂದೆ. “ಕೆತ್ತಿದ್ರೆ ಅದು ಹೂವಾಗತ್ತೆ ಕಣೆ. ನನ್ನ ಕೈಗೆ ಹೂವು ಬಿಟ್ರೆ ಏನೂ ಬರಲ್ಲ. ಅಲ್ಲಿ ಕಲ್ಲು ಬಿದ್ದು ಗುಂಡಿ ಆಗಿದ್ದು, ಇಲ್ಲೂ ಬೀಳ್ಲಿ,” ಎಂದ. ಹಸಿ ಗಾರೆಯನ್ನು ನೆಲದ ತುಂಬ ಹರಡಿ, ಏಣಿ ಹತ್ತಿ ಮೇಲಿನಿಂದ ಕಲ್ಲು ಎಸೆಯುತ್ತಿದ್ದ. ಎಸೆದದ್ದು ಸರಿಯಾಗಿ ಬೀಳದಿದ್ದರೆ ಮತ್ತೆ ಗಾರೆ, ಮತ್ತೆ ಕಲ್ಲು. ಕರೆಂಟು ಒಂದೇ ಒಂದು ದೊಡ್ಡ ದೀಪವನ್ನು ಮೂಲೆಯಲ್ಲಿ ತಗ್ಗಾಗಿ ಕಟ್ಟಿದ. ಸೂರ್ಯ ಒಬ್ಬನೇ ತಾನೆ, ದೀಪವೂ ಒಂದೇ ಇರಬೇಕು ಎಂದು ಅವನ ಹಟ. ಅದನ್ನು ಹಾಕಿದಾಗ ಗುಂಡಿಗಳ ನೆರಳು ಉದ್ದಕ್ಕೆ ಚಾಚಿಕೊಂಡಿತು, ನಾವು ಮೂವರೂ ನೋಡುತ್ತ ನಿಂತೆವು.

ಅಲ್ಲಿ ನಿಲ್ಲಿಸಲು ಮಾಡಿದ ಗಗನಯಾತ್ರಿ ಗೊಂಬೆಯ ಅಂಗಿ ನನ್ನದು. ಹಳೆಯ ಹಾಸಿಗೆಯ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಹೊಲಿದೆ. ಒಳಗೆ ಹುಲ್ಲು ತುಂಬುತ್ತಿರುವಾಗ ಸಂಗ್ರಹಾಲಯದವರು ಫೋಟೊ ತೆಗೆದರು. ಅದರಲ್ಲಿ ಅಣ್ಣ ಬಕೆಟ್ ಹಿಡಿದು ಚಂದ್ರನ ಮೇಲೆ ನಿಂತಿದ್ದಾನೆ, ಕರೆಂಟು ಏಣಿಯ ಮೇಲೆ ದೀಪ ತಿರುಗಿಸುತ್ತಿದ್ದಾನೆ, ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡು ಗಗನಯಾತ್ರಿಯ ಬೂಟಿಗೆ ಹೊಲಿಗೆ ಹಾಕುತ್ತಿದ್ದೇನೆ. ಸಿಕ್ಕಿದ್ದು ಒಂದೇ ಪ್ರತಿ. ಅಣ್ಣ ಅದನ್ನು ಕರೆಂಟಿಗೆ ಕೊಟ್ಟ. “ನಿನ್ನ ಮನೇಲಿದ್ರೂ ಒಂದೇ, ನನ್ನ ಮನೇಲಿದ್ರೂ ಒಂದೇ,” ಎಂದ.

ಮುಂದೆ ಅದೂ ನಿಜವಾಯಿತು. ಅಣ್ಣನಿಗೆ ಒಬ್ಬಳೇ ಮಗಳು. ಕರೆಂಟಿನ ಮಗನಿಗೇ ಅವಳನ್ನು ಕೊಟ್ಟು ಇಬ್ಬರೂ ಬೀಗರಾದರು. ಅಲ್ಲಿಯವರೆಗೆ ‘ಲೋ’ ಎನ್ನುತ್ತಿದ್ದವರು ಆಮೇಲೆ ನಾಲ್ಕು ಜನರ ಮುಂದೆ “ಬೀಗರು ದಯಮಾಡಿಸಬೇಕು”, “ತಾವು ಮೊದಲು ಕೂತ್ಕೋಬೇಕು” ಎಂದು ನಾಟಕ ಆಡುವರು. ಬಾಗಿಲು ಹಾಕಿದ ಕೂಡಲೇ ಮತ್ತೆ ಲೋ ಗೀ ಎಲ್ಲ ಶುರು.

ಮಗಳು ಹುಟ್ಟುವ ಹೊತ್ತಿಗೆ ಚಂದ್ರನ ಕೋಣೆ ಆಗಲೇ ಇತ್ತು. ರಜೆ ಬಂದರೆ ಅಣ್ಣ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಬಂದವರಿಗೆಲ್ಲ ಹೋದವರ ಕತೆ ಹೇಳುತ್ತಿದ್ದ. ಹೊರಡುವ ಮುಂಚೆಯೇ, ನೆಲದ ಮೇಲೆ ಪರೀಕ್ಷೆ ನಡೆಸುವಾಗಲೇ, ಬೆಂಕಿ ಹತ್ತಿ ಸತ್ತ ಮೂವರ ಕತೆಗೆ ಬಂದಾಗ ಅವನ ದನಿ ತಗ್ಗುತ್ತಿತ್ತು. ಪುಟ್ಟ ಮಗಳು ಅವನ ಬೆರಳು ಹಿಡಿದು ಕೇಳುತ್ತಿದ್ದಳು. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೇ ತಲೆಯಲ್ಲಿ ನರೆ ಬಂದಿದೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಹೋದ ವರ್ಷ ಅಣ್ಣ ಕೂದಲು ಕತ್ತರಿಸಿಕೊಳ್ಳಲು ಹೋದಾಗ ಕಟಿಂಗ್ ಶಾಪಿನವನು ಕನ್ನಡಿಯೊಳಗೆ ಅವನನ್ನು ನೋಡಿ ಕಣ್ಣು ಹೊಡೆದನಂತೆ. “ಎಷ್ಟು ದಿನದಿಂದ ಒಳಗಿಟ್ಕೊಂಡಿದ್ರಿ ಯಜಮಾನ್ರೇ!” ಎಂದು ಫೋನು ಮುಂದೆ ಹಿಡಿದ. ಅಣ್ಣ ಅರ್ಧ ತಲೆ ಕತ್ತರಿಸಿಕೊಂಡೇ ಮನೆಗೆ ಬಂದ. ಆ ವಿಡಿಯೊ ನನಗೂ ತೋರಿಸಿದ.

ಕರೆಂಟು ತನ್ನ ಮನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಕೈಯಲ್ಲಿ ಆ ಫೋಟೊ. “ಇದು ನಾನು, ಏಣಿ ಮೇಲೆ. ಇವರು ನಮ್ಮ ಬೀಗರು. ಪ್ರಪಂಚ ಎಲ್ಲ ನೋಡಿದ ಚಂದ್ರ ಇದೇ. ಯಾರೂ ಎಲ್ಲೂ ಹೋಗಿಲ್ಲ. ಆ ನೆರಳು ನೋಡಿ, ಅದು ನನ್ನ ಲೈಟಿಂದು,” ಎನ್ನುತ್ತಿದ್ದ. ವಿಡಿಯೊದವನು “ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದ. “ಬಾಯಿ ಮುಚ್ಕೊಂಡಿರಿ ಅಂದಿದ್ರು. ಈ ವಯಸ್ಸಲ್ಲಿ ನಾನು ಯಾರಿಗೆ ಹೆದರ್ಲಿ? ನಮ್ಮ ಬೀಗರು ಮಾತ್ರ ಇವತ್ತಿಗೂ ಬಾಯಿ ಬಿಡಲ್ಲ. ಹೋಗಿ ಕೇಳಿ, ‘ಇಲ್ಲ’ ಅಂತಾರೆ. ಆ ‘ಇಲ್ಲ’ ಅನ್ನೋದಕ್ಕೆ ಅರ್ಥ ಏನು ಅಂತ ನೀವೇ ತಿಳ್ಕೊಳ್ಳಿ.”

ಅವರು ಹೋಗಿ ಬಂದು ವರ್ಷಗಳಾದ ಮೇಲೆ ನಾವು ಕೋಣೆ ಕಟ್ಟಿದ್ದು. ಆದರೆ ವರ್ಷ ಲೆಕ್ಕ ಹಾಕುವ ತೊಂದರೆ ಯಾರಿಗೆ ಬೇಕು? ಫೋಟೊ ಕಣ್ಣ ಮುಂದಿದೆ, ಬಕೆಟ್ಟಿದೆ, ಹುಲ್ಲು ತುಂಬಿದ ಗಗನಯಾತ್ರಿಯಿದ್ದಾನೆ. ಲಕ್ಷಗಟ್ಟಲೆ ಜನ ಅದನ್ನು ನೋಡಿದರು. ನನ್ನ ಬಾಯಲ್ಲಿದ್ದ ಸೂಜಿಗೆ ಕೂಡ ಯಾರೋ ಕೆಂಪು ಗೆರೆ ಸುತ್ತಿದ್ದರು.

ಅಣ್ಣ ಮೊದಮೊದಲು ಕೂಗಾಡಿದ. ಅಂಗಡಿಗೆ ಹೋದರೆ ಅಲ್ಲಿ, ಬಸ್ ನಿಲ್ದಾಣದಲ್ಲಿ ನಿಂತರೆ ಅಲ್ಲಿ, “ಇಲ್ಲ ಕಣ್ರೀ, ನಿಜವಾಗ್ಲೂ ಹೋಗಿದ್ರು. ಮೂರು ಜನ ಸುಟ್ಟು ಸತ್ತಿದಾರೆ. ನಾಟಕಕ್ಕೆ ಯಾರಾದ್ರೂ ಸಾಯ್ತಾರಾ?” ಎನ್ನುವನು. ಜನ ಬೈಯುತ್ತಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನ ಹೆಗಲ ಮೇಲೆ ಕೈಯಿಟ್ಟು, “ಬಿಡಿ ಯಜಮಾನ್ರೇ, ನಿಮ್ಮ ಕಷ್ಟ ನಮಗೆ ಅರ್ಥ ಆಗತ್ತೆ,” ಎನ್ನುತ್ತಿದ್ದರು. ಅವನು ಎಷ್ಟು ಜೋರಾಗಿ ‘ಇಲ್ಲ’ ಎನ್ನುತ್ತಾನೋ ಅಷ್ಟು ಜೋರಾಗಿ ಅವರು ತಲೆಯಾಡಿಸುವರು. ಸ್ನೇಹಿತ ಬರೀ ಸುಳ್ಳು ಹೇಳಿ ಬಿಟ್ಟಿರಲಿಲ್ಲ. ಅಣ್ಣ ನಿಜ ಹೇಳುವ ದಾರಿಯನ್ನೂ ಮುಚ್ಚಿಬಿಟ್ಟಿದ್ದ. ಜೀವಮಾನವೆಲ್ಲ ಜೊತೆಗಿದ್ದವನಿಗೆ ಮಾತ್ರ ಗೊತ್ತಾಗುವಂಥ ಜಾಗ ನೋಡಿ ಇರಿದಿದ್ದ.

ಸಂಗ್ರಹಾಲಯದವರೂ ಕೈ ಕೊಟ್ಟರು. ಫೋಟೊ ತೆಗೆಸಿಕೊಳ್ಳುವ ಜನರಿಂದ ಕೋಣೆ ತುಂಬಿ ತುಳುಕುತ್ತಿತ್ತು. ಅಲ್ಲಿ ಒಂದು ವಿವರಣೆಯ ಬೋರ್ಡು ಹಾಕಿ ಎಂದು ಅಣ್ಣ ಕೈ ಮುಗಿದು ಕೇಳಿದರೆ ಹೊಸ ಅಧಿಕಾರಿ, “ನೋಡೋಣ, ಜನ ಬರ್ತಾ ಇದಾರಲ್ಲ, ಒಳ್ಳೇದೇ ಅಲ್ವಾ?” ಎಂದನಂತೆ.

“ನಡಿ, ಅವನ ಮನೆಗೇ ಹೋಗಿ ನೀರಿಳಿಸಿ ಬರೋಣ,” ಎಂದು ನಾನು ದಿನಾ ಹೇಳುತ್ತಿದ್ದೆ. ಅಣ್ಣ ಒಪ್ಪುತ್ತಿರಲಿಲ್ಲ. “ಮಗಳು ಆ ಮನೇಲಿ ಬಾಳ್ಬೇಕು. ಊರು ಏನು ಬೇಕಾದ್ರೂ ಅಂದ್ಕೊಳ್ಲಿ ಬಿಡೆ. ನಾನೇನು ಅಂತ ನನ್ನ ಮಗಳಿಗೆ ಗೊತ್ತು. ಅವಳೊಬ್ಬಳಿಗೆ ಗೊತ್ತಿದ್ರೆ ಸಾಕು,” ಎನ್ನುವನು. ಎಲ್ಲರೂ ಕಿತ್ತುಕೊಂಡ ಮೇಲೆ ಅವನ ಕೈಯಲ್ಲಿ ಉಳಿದದ್ದು ಅದೊಂದೇ. ರಾತ್ರಿ ನಿದ್ದೆ ಬರುವುದಕ್ಕೂ, ಬೆಳಗ್ಗೆ ಮುಖ ತೊಳೆಯುವುದಕ್ಕೂ ಅವನಿಗೆ ಅದೇ ಆಧಾರ.

ಕೊನೆಗೆ ಅವನನ್ನು ಹೊರಡಿಸಿದ್ದು ಎರಡನೆಯ ವಿಡಿಯೊ. ಚಂದ್ರನಲ್ಲಿಗೆ ಮತ್ತೆ ಜನರನ್ನು ಕಳಿಸುವ ಸುದ್ದಿ ಎಲ್ಲ ಕಡೆ ಬರುತ್ತಿತ್ತು. ಅದರ ಬಗ್ಗೆ ಕರೆಂಟು ನಗುತ್ತ, “ಈ ಸಲ ಗಾರೆ ಯಾರು ಕಲೆಸ್ತಾರೋ!” ಎಂದಿದ್ದ. ಅಣ್ಣ ಚಪ್ಪಲಿ ಮೆಟ್ಟಿದ. ನಾನು ಮಿಷನ್ನಿಗೆ ಮುಸುಕು ಹಾಕಿ ಹಿಂದೆಯೇ ಓಡಿದೆ.

ಮಧ್ಯಾಹ್ನದ ಹೊತ್ತು. ಅಳಿಯ ಕೆಲಸಕ್ಕೆ ಹೋಗಿದ್ದ, ಮಗಳು ಮನೆಯಲ್ಲಿದ್ದಳು. ನಮ್ಮನ್ನು ಕೂರಿಸಿ ಚಹಾ ಮಾಡಲು ಒಳಗೆ ಹೋದಳು. ಕರೆಂಟು ಅದೇ ಕುರ್ಚಿಯಲ್ಲಿದ್ದ. ಗೋಡೆಯ ಮೇಲೆ ಅದೇ ಫೋಟೊ, ಈಗ ಹೊಸ ಕಟ್ಟಿನಲ್ಲಿ.

“ಬೀಗರು ಬರಬೇಕು,” ಎಂದು ಅವನು ಎಂದಿನ ಹಾಗೆ ನಕ್ಕ.

“ನೀವು ಯಾಕೆ ಹಾಗೆ ಮಾಡಿದ್ರಿ?” ಎಂದ ಅಣ್ಣ.

ತಮಾಷೆಯಿಲ್ಲದ ಆ ‘ನೀವು’ ಕೇಳಿ ಕರೆಂಟಿನ ನಗು ಅಲ್ಲೇ ಉಡುಗಿತು. ಒಮ್ಮೆಲೇ ಸಿಡಿದ.

“ಯಾಕೆ ಅಂದ್ರೆ? ಕೋಣೆ ಬಾಗಿಲಲ್ಲಿ ಯಾರ ಹೆಸರು ಬರೆದಿದಾರೆ? ನಿಂದು. ಗಾರೆ ಕೆಲಸ ಇಂಥವರದ್ದು ಅಂತ. ನನ್ನ ಲೈಟು? ಅದಿಲ್ದೆ ಹೋಗಿದ್ರೆ ಅದೊಂದು ಸುಣ್ಣದ ಗುಡ್ಡೆ ಕಣೋ! ಇಷ್ಟು ವರ್ಷದಲ್ಲಿ ಒಬ್ಬ, ಒಬ್ಬನಾದ್ರೂ ‘ಈ ಲೈಟು ಯಾರು ಹಾಕಿದ್ದು’ ಅಂತ ಕೇಳಿದ್ನಾ? ಈ ವಿಡಿಯೊದವನು ಕ್ಯಾಮೆರಾ ಹಿಡ್ಕೊಂಡು ಬಂದು ಕೇಳ್ದ. ಏಣಿ ಮೇಲಿರೋರು ಯಾರು ಅಂತ ಕೇಳ್ದ.”

“ನನಗೆ ಹೇಳಿದ್ರೆ ನಿಮ್ಮ ಹೆಸರು ಬರೆಸ್ತಿರ್ಲಿಲ್ವಾ?”

“ಕೇಳಿ ಬರೆಸ್ಕೊಳ್ಳೋದಾ ಅದು?”

ಅವನ ಹೊಟ್ಟೆಯಲ್ಲಿ ಇಂಥದೊಂದು ಇದೆ ಎಂದು ನಮಗಾರಿಗೂ ತಿಳಿದಿರಲಿಲ್ಲ. ಒಂದು ಗಳಿಗೆ ನನಗೂ ಪಾಪ ಅನ್ನಿಸಿತು. ಆದರೆ ಅದಕ್ಕೆ ಈ ಶಿಕ್ಷೆಯೇ? “ಹೆಸರು ಬೇಕಿತ್ತು ಅಂದ್ರೆ ‘ಲೈಟ್ ನಂದು’ ಅಂತ ಹೇಳ್ಬೇಕಿತ್ತು. ‘ಹೋಗೇ ಇಲ್ಲ’ ಅಂತ ಯಾಕೆ ಹೇಳಿದ್ರಿ?” ಎಂದು ನಾನೂ ಬಾಯಿ ಹಾಕಿದೆ.

“ಅದನ್ನ ಹೇಳದಿದ್ರೆ ಅವನು ಎದ್ದು ಹೋಗ್ತಿದ್ದ,” ಎಂದ ಕರೆಂಟು, ಮೆಲ್ಲಗೆ.

“ಸುಳ್ಳು ಅಂತ ಒಂದು ಮಾತು ಹೇಳಿ. ಅದೇ ಕ್ಯಾಮೆರಾ ಮುಂದೆ,” ಎಂದ ಅಣ್ಣ. “ನಾನು ಕಾಲು ಹಿಡೀಲಾ?”

“ಈಗ ಹೇಳಿದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಲಿ?”

ಅಷ್ಟರಲ್ಲಿ ಮಗಳು ಚಹಾ ತಂದು ಮೇಜಿನ ಮೇಲಿಟ್ಟಳು. ಒಳಗೆ ಒಲೆಯ ಸದ್ದಿಗೆ ಅವಳಿಗೆ ನಮ್ಮ ಮಾತು ಎಷ್ಟು ಕೇಳಿತ್ತೋ ಏನೋ. ಅಣ್ಣನ ಮುಖ ಅವಳನ್ನು ಕಂಡು ಹಗುರಾಯಿತು. “ಬಾಮ್ಮ. ನಿಮ್ಮ ಮಾವಂಗೆ ನೀನಾದ್ರೂ ಬುದ್ಧಿ ಹೇಳು. ಈ ಮನೇಲಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಅವಳು ತಟ್ಟೆಯ ಅಂಚನ್ನು ಸವರಿದಳು. ಆಮೇಲೆ ತಂದೆಯ ಪಕ್ಕದಲ್ಲಿ ಮೊಣಕಾಲೂರಿ ಕೂತು, ಚಿಕ್ಕಂದಿನ ಹಾಗೇ ಅವನ ಬೆರಳು ಹಿಡಿದುಕೊಂಡಳು.

“ಅಪ್ಪಾ, ಇಲ್ಲಿ ಹೊರಗಿನೋರು ಯಾರೂ ಇಲ್ಲ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ನನಗೊಬ್ಬಳಿಗಾದ್ರೂ ನಿಜ ಹೇಳಿ.”

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖವನ್ನು ನಾನು ನೋಡಬಾರದಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಕೂಡ ಅವನು ಹಾಗೆ ಕಂಡಿರಲಿಲ್ಲ. “ಹೋಗಿದ್ರು ಕಣಮ್ಮಾ,” ಎಂದ. “ನಿಜವಾಗ್ಲೂ ಹೋಗಿದ್ರು. ನಾನು ನಿನಗೆ ಸುಳ್ಳು ಹೇಳ್ತೀನಾ?”

“ಆಯ್ತಪ್ಪ, ಆಯ್ತು,” ಎಂದಳು ಅವಳು. ಹೆಗಲ ಮೇಲೆ ಕೈಯಿಡುವ ಜನ ಹೇಳುವ ಅದೇ ‘ಆಯ್ತು’. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ಅಂದಳು.

ಕರೆಂಟು ಕುರ್ಚಿಯಿಂದ ಎದ್ದ. ಅವನ ಮುಖ ಬಿಳುಚಿಕೊಂಡಿತ್ತು. ಇಷ್ಟು ಹೊತ್ತು ತನ್ನ ಮಾತು ಊರಿನ ಫೋನುಗಳಲ್ಲಿ ಮಾತ್ರ ಓಡಾಡುತ್ತಿದೆ ಎಂದುಕೊಂಡಿದ್ದನೋ ಏನೋ. ತನ್ನ ಸೊಸೆ ತನ್ನ ಸ್ನೇಹಿತನ ಬೆರಳು ಹಿಡಿದು ಕೂತದ್ದು ಕಂಡು ಅವಳ ಎದುರಿಗೆ ಬಂದು ನಿಂತ.

“ಇಲ್ಲಮ್ಮ,” ಎಂದ. “ಸುಳ್ಳು ಹೇಳಿದ್ದು ನಾನು. ಅವರು ಹೋಗಿದ್ರು. ಏರಿಯಲ್ ಹಿಡ್ಕೊಂಡು ನಿಂತು ಕೇಳಿದೀನಿ. ನಾವು ಕೋಣೆ ಕಟ್ಟಿದ್ದು ಎಷ್ಟೋ ವರ್ಷ ಆದ್ಮೇಲೆ. ಹೆಸರಿಗೆ ಆಸೆಪಟ್ಟು ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಿಮ್ಮಪ್ಪ ಹೇಳೋದೇ ನಿಜ, ನನ್ನಾಣೆ.”

ನನಗೆ ಜೀವ ಬಂದಂತಾಯಿತು. ಅಣ್ಣ ತಲೆಯೆತ್ತಿ ಅವನನ್ನು ನೋಡಿದ.

ಮಗಳು ಒಮ್ಮೆ ಮಾವನ ಮುಖ ನೋಡಿದಳು, ಒಮ್ಮೆ ಅಪ್ಪನ ಮುಖ ನೋಡಿದಳು. ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಕಿಟಕಿಯ ಪರದೆ ಎಳೆದಳು. ತಿರುಗಿದಾಗ ಅವಳ ದನಿ ಪಿಸುಗುಟ್ಟುತ್ತಿತ್ತು.

“ಯಾರು ಬಂದಿದ್ರು? ಯಾರು ಹೆದರಿಸಿದ್ರು ನಿಮ್ಮಿಬ್ಬರನ್ನೂ?”

ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ಸೀದಾ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು.

“ಅತ್ತೆ, ನೀವಾದ್ರೂ ಹೇಳಿ. ಬಾಯಿ ಮುಚ್ಕೊಂಡಿರಿ ಅಂತ ನಿಮಗೂ ಹೇಳಿದಾರಾ?”

“ಇಲ್ಲ,” ಎಂದೆ.

ಅವಳು ತಲೆಯಾಡಿಸಿ ನನ್ನ ಕೈ ಒತ್ತಿದಳು.